ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಮೂಗು ಮುಚ್ಚಿಕೊಳ್ಳುವವರನ್ನು ಕಂಡರೆ ನಮ್ಮ ಮಾಮಾಗೆ ಆಗುತ್ತಿರಲಿಲ್ಲ. ನಮ್ಮ ಘಟಕಕ್ಕೆ ಯಾರೇ ಬರಲಿ, ಕಾಲೇಜಿನ ಹುಡುಗರಿರಲಿ, ಕಾರಿನಲ್ಲಿ ಬರುವ ದೊಡ್ಡವರಿರಲಿ, ಗೇಟು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. ಮಾಮಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಆಮೇಲೆ ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ನಮ್ಮವರು ಸಿಕ್ಕರೆ ಅಪ್ಪಟ ವಿಜಾಪುರದ ಕನ್ನಡದಲ್ಲಿ ತಣ್ಣಗೆ ಹೇಳುತ್ತಿದ್ದರು: "ಯಾಕ್ರೀ ಮೂಗು ಮುಚ್ಕೋತೀರಿ? ಬ್ಯಾರೇದವ್ರದಲ್ಲ ಇದು. ನಿಮ್ದ ಐತಿ, ಇವತ್ತ ಮುಂಜಾನೆದ್ದು."

ನನಗೂ ಮೊದಲ ದಿನವೇ ಈ ಮಾತು ಬಿದ್ದಿತ್ತು. ಎಂಎಸ್ಸಿ ಮಾಡಿ ಕೆಮಿಸ್ಟ್ ಎಂದು ನೇಮಕವಾಗಿ, ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದೆ. ದುಪಟ್ಟಾದ ತುದಿ ತಾನಾಗಿಯೇ ಮೂಗಿಗೆ ಏರಿತ್ತು. ಅವರ ಮಾತು ಕೇಳಿ ಇಳಿಸಿದೆ. ಆ ದಿನ ಇಳಿಸಿದ್ದನ್ನು ಮತ್ತೆ ಏರಿಸಲಿಲ್ಲ.

ಊರಿನ ಅಡುಗೆಮನೆ, ಬಚ್ಚಲು, ಪಾಯಿಖಾನೆಗಳಿಂದ ಹರಿದುಬರುವ ನೀರನ್ನು ತೊಳೆದು ನದಿಗೆ ಬಿಡುವ ಘಟಕ ನಮ್ಮದು. ಯಾವ ಪಾಲಿಕೆಯದು ಎಂದು ಕೇಳಬೇಡಿ, ನನ್ನ ನೌಕರಿ ಇನ್ನೂ ಬಾಕಿಯಿದೆ. ಡೊಂಬಿವಲಿಯ ನನ್ನ ಮನೆಯಿಂದ ಲೋಕಲ್ ಟ್ರೇನು, ಅಲ್ಲಿಂದ ಶೇರ್ ರಿಕ್ಷಾ, ಅಷ್ಟು ದೂರ. ಮನೆಯಲ್ಲಿ ತುಳು ಮಾತಾಡುವ ನನ್ನ ಅಮ್ಮ ಗಂಡಿನ ಕಡೆಯವರು ಕೇಳಿದಾಗೆಲ್ಲ "ನೀರಿನ ಇಲಾಖೆ" ಎಂದಷ್ಟೇ ಹೇಳುತ್ತಿದ್ದರು. ಯಾವ ನೀರು ಎಂದು ಯಾರೂ ಕೇಳಲಿಲ್ಲ. ಕೇಳಿದವರು ಎರಡನೇ ಸಲ ಬರಲಿಲ್ಲ.

ಮಾಮಾ ಅಲ್ಲಿಯ ಹಿರಿಯ ಆಪರೇಟರ್. ಸಾಹೇಬರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಮಾಮಾ. ಅವರಿಗೆ ನಾನು ತಂಗಿ. ಸಿಟ್ಟು ಬಂದ ದಿನ ಮಾತ್ರ "ಮೇಡಮ್ಮಾರೇ" ಎನ್ನುತ್ತಿದ್ದರು, ಆ ದಿನಗಳೇನೂ ಕಡಿಮೆ ಇರಲಿಲ್ಲ. ಕುಳ್ಳನೆಯ ಆಳು, ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಒಂದು ಟಾರ್ಚು. ಮಾತು ಒರಟು. ಊಟದ ಡಬ್ಬಿ ಯಾರಿಗೂ ಹಂಚುತ್ತಿರಲಿಲ್ಲ. ಶೇಂಗಾ ಚಟ್ನಿ ಒಂದು ಚಿಟಿಕೆ ಕೇಳಿದರೆ, "ನಿಮ್ಮವ್ವಗ ಮಾಡಾಕ ಕಲಿಸ್ತೀನಿ, ನನ್ನ ಡಬ್ಬಿಗೆ ಕೈ ಹಾಕಬ್ಯಾಡ" ಎನ್ನುವ ಮನುಷ್ಯ. ಅವರನ್ನು ದೇವರು ಮಾಡಿ ಬರೆಯುವ ಉದ್ದೇಶ ನನಗಿಲ್ಲ.

ಆದರೆ ಟ್ಯಾಂಕಿನ ಮುಂದೆ ನಿಂತರೆ ಅವರು ಬೇರೆಯೇ ಆಗುತ್ತಿದ್ದರು. ದೊಡ್ಡ ಟ್ಯಾಂಕಿಗೆ ಬ್ಲೋವರುಗಳು ಹಗಲಿರುಳು ಗಾಳಿ ಊದುತ್ತವೆ. ಆ ಗಾಳಿಯಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಬದುಕಿಕೊಂಡು, ನೀರಿನ ಹೊಲಸನ್ನು ತಿಂದು, ಕಂದು ಬಣ್ಣದ ಕೆಸರಾಗಿ ಕೆಳಗೆ ಕೂರುತ್ತವೆ. ಮೇಲಿನ ತಿಳಿನೀರು ನದಿಗೆ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಅವರು ಆ ಜೀವಿಗಳನ್ನು "ನಮ್ಮ ಮಂದಿ" ಎನ್ನುತ್ತಿದ್ದರು, ಕೆಸರನ್ನು "ಹೆಪ್ಪು" ಎನ್ನುತ್ತಿದ್ದರು.

ಹೆಪ್ಪು ಎಂಬ ಮಾತು ನನಗೆ ಮೊದಲು ನಗು ತರಿಸಿತ್ತು. ಯೋಚಿಸಿದರೆ ಅದಕ್ಕಿಂತ ಸರಿಯಾದ ಮಾತಿಲ್ಲ. ಕೂತ ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಟ್ಯಾಂಕಿಗೆ ಬಿಡಬೇಕು, ಅದರಿಂದಲೇ ನಾಳೆಯ ನೀರು ತಿಳಿಯಾಗುವುದು. ಎಲ್ಲವನ್ನೂ ಹೊರಹಾಕಿದರೆ ಮೊಸರನ್ನೆಲ್ಲ ಉಂಡು ಪಾತ್ರೆ ತೊಳೆದಿಟ್ಟ ಮನೆಯ ಗತಿ. ಎಲ್ಲಾದರೂ ಹೊಸ ಘಟಕ ಶುರುವಾದರೆ, ಹಳೆಯ ಘಟಕದಿಂದ ಟ್ಯಾಂಕರಿನಲ್ಲಿ ಕೆಸರು ಒಯ್ದು ಸುರಿದು, ಸೆಗಣಿ ಬೆಲ್ಲ ಕಲಸಿ ಹಾಕಿ ಬೆಳೆಸುವುದು ಎಲ್ಲ ಕಡೆ ಇರುವ ರೂಢಿ. ಯಾರು ಕೇಳಿದರೂ ಮಾಮಾ ಕೊಡುತ್ತಿದ್ದರು. "ಹೆಪ್ಪು ಇಲ್ಲ ಅನಬಾರದು" ಎನ್ನುವುದು ಅವರ ಮೊದಲ ಕಾಯಿದೆ.

ಎರಡನೆಯದು, ಸಂಜೆ ದೀಪ ಹಚ್ಚಿದ ಮೇಲೆ ಕೊಡಬಾರದು. ಮನೆಗಳಲ್ಲಿ ನಾವು ಪಾಲಿಸುವುದನ್ನು ಅವರು ಪಾಲಿಕೆಯ ಟ್ಯಾಂಕಿಗೂ ತಂದಿದ್ದರು. ಒಮ್ಮೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದು ಟ್ಯಾಂಕರ್ ಕತ್ತಲಾದ ಮೇಲೆ ಬಂತು. ಇವರು ವಾಲ್ವಿನ ಮುಂದೆ ನಿಂತು, "ಮುಂಜಾನೆ ತುಂಬ್ತೀನಿ, ಈಗ ಆಗೂದಿಲ್ಲ" ಎಂದುಬಿಟ್ಟರು. ಡ್ರೈವರ್ ಬೈದು ಗಾಡಿಯಲ್ಲೇ ಮಲಗಿದ. ಮರುದಿನ ಸಾಹೇಬರು ರೇಗಾಡಿದಾಗ ಇವರು ವಿಜ್ಞಾನ ತೆಗೆದರು: "ಸಂಜಿಮುಂದ ಎಲ್ಲಾರೂ ಮನಿಗೆ ಬರ್ತಾರ, ಜಳಕ ಮಾಡ್ತಾರ, ಅಡಿಗಿ ಮಾಡ್ತಾರ. ಹೊಲಸು ಜಾಸ್ತಿ ಬರೂ ಹೊತ್ತಿಗೆ ನಮ್ಮ ಮಂದೀನ ಊರಿಗೆ ಕಳಿಸಿದ್ರ ಹೆಂಗ ಸಾಹೇಬ್ರ?" ಸಾಹೇಬರು ತಮ್ಮ ಕೋಣೆಗೆ ಹೋದರು. ಕಾಯಿದೆ ಮೊದಲು ಹುಟ್ಟಿ, ವಿಜ್ಞಾನ ಆಮೇಲೆ ಹುಟ್ಟಿತ್ತು ಎಂದು ನನಗೆ ಈಗಲೂ ಅನುಮಾನವಿದೆ.

ಮೂರನೆಯದು, ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಇದನ್ನು ಆಮೇಲೆ ಹೇಳುತ್ತೇನೆ.

ದಿನಾ ಬೆಳಗ್ಗೆ ಅವರು ಗಾಜಿನ ಉದ್ದನೆಯ ಅಳತೆ ಪಾತ್ರೆಯಲ್ಲಿ ಟ್ಯಾಂಕಿನ ನೀರು ತುಂಬಿ ಕಟ್ಟೆಯ ಮೇಲಿಡುತ್ತಿದ್ದರು. ಅರ್ಧ ಗಂಟೆಯಲ್ಲಿ ಕೆಸರು ಎಷ್ಟು ಕೂರುತ್ತದೆ ಎಂದು ನೋಡುವ ಪರೀಕ್ಷೆ ಅದು. ನಾವಾದರೆ ಗಡಿಯಾರ ನೋಡಿ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಅವರು ಪಕ್ಕದಲ್ಲೇ ಚಹಾ ಹಿಡಿದು ಕೂರುತ್ತಿದ್ದರು, ನನ್ನನ್ನೂ ಕೂರಿಸುತ್ತಿದ್ದರು. ಮೋಡದಂತೆ ಕಲಕಿದ್ದದ್ದು ಮೆಲ್ಲಗೆ ಇಳಿದು, ಮೇಲೆ ನೀರು ತಿಳಿಯಾಗುತ್ತಾ ಬರುವುದನ್ನು ನೋಡುವುದೇ ಕೆಲಸ. ಆ ಅರ್ಧ ಗಂಟೆಯಲ್ಲಿ ಫೋನು ತೆಗೆದರೆ ಕೆಂಗಣ್ಣು.

"ಅರ್ಧ ತಾಸು ಸುಮ್ನ ಕುಂಡ್ರಾಕ ಬರಲಾರದವ್ರು ಈ ಕೆಲಸಕ್ಕ ಬರಬಾರದು" ಎನ್ನುತ್ತಿದ್ದರು. ಇನ್ನೊಂದು ಮಾತು: "ನೀರು ಎಂದೂ ಹೊಲಸಾಗೂದಿಲ್ಲ ತಂಗೀ. ಹೊಲಸು ನೀರಾಗ ಬಂದು ಕುಂತಿರತೈತಿ. ಎಬ್ಬಿಸಿ ಕಳಿಸಬೇಕು, ಅಷ್ಟ."

ನಾನು ಬಂದ ಮೂರನೇ ತಿಂಗಳು ಲ್ಯಾಬಿಗೆ ಹೊಸ ಮೈಕ್ರೋಸ್ಕೋಪು ಬಂತು. ಅವರು ಎರಡು ದಿನ ಬಾಗಿಲಲ್ಲಿ ಸುಳಿದಾಡಿ, ಮೂರನೇ ದಿನ ಕೇಳಿದರು: "ನನಗ ತೋರಸ್ತೀ ಏನ?" ಇಷ್ಟು ವರ್ಷ ಸಾಕಿದ್ದ ಮಂದಿಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದರು. ಬೇಡ ಎಂದರೂ ಕೇಳಲಿಲ್ಲ. ಬಗ್ಗಿ ಕಣ್ಣಿಟ್ಟರು. ತೆಳ್ಳನೆಯ ದಂಟಿನ ತುದಿಯಲ್ಲಿ ಗಂಟೆಯಾಕಾರದ ಜೀವಿಗಳು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅವು ಕಂಡರೆ ಟ್ಯಾಂಕು ಆರೋಗ್ಯವಾಗಿದೆ ಎಂದರ್ಥ.

"ಗುಡಿ ಗಂಟಿ ಇದ್ದಂಗ ಅದಾವಲ್ಲವಾ" ಎಂದರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಲೆನ್ಸಿನ ಬೆಳಕಿಗೆ ಎಂದು ಅವರೇ ವಿವರಣೆ ಕೊಟ್ಟರು. ಅಂದಿನಿಂದ ದಿನಾ ಬೆಳಗ್ಗೆ ಲ್ಯಾಬಿನ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ, ಒಂದು ಪ್ರಶ್ನೆ: "ನಮ್ಮ ಮಂದಿ ಎದ್ದಾರ ಏನು?"

ಅವರದೇ ಒಂದು ಪರೀಕ್ಷೆಯೂ ಇತ್ತು. ತೊಳೆದ ನೀರು ನದಿಗೆ ಬೀಳುವ ಜಾಗಕ್ಕೆ ಹೋಗಿ, ಜೇಬಿನಿಂದ ಒಂದು ಹಿಡಿ ಚುರುಮುರಿ ತೆಗೆದು ಎರಚುತ್ತಿದ್ದರು. ಬೆರಳುದ್ದದ ಮೀನುಗಳು ಗುಂಪಾಗಿ ಬಂದು ಮುತ್ತಿದರೆ ಪಾಸ್. "ನಿನ್ನ ಬಾಟ್ಲಿ ಮೂರು ದಿನಕ್ಕ ಹೇಳೂದನ್ನ ಮೀನ ಮೂರು ನಿಮಿಷಕ್ಕ ಹೇಳ್ತಾವ" ಎಂದು ನನ್ನನ್ನು ಕೆಣಕುತ್ತಿದ್ದರು. ನನಗೆ ರೇಗುತ್ತಿತ್ತು. ಆದರೆ ಅವರ ಮೀನುಗಳೂ ನನ್ನ ಲ್ಯಾಬಿನ ಪರೀಕ್ಷೆಯ ಬಾಟಲಿಗಳೂ ಒಂದೇ ಮಾತು ಹೇಳುತ್ತಿದ್ದವು. ನದಿಯ ದಡದಲ್ಲಿ ಬಲೆ ಹಾಕುತ್ತಿದ್ದ ಒಬ್ಬ ಮೀನುಗಾರ ಮುದುಕನಿದ್ದ. ಇವರನ್ನು ಕಂಡರೆ ಕೈ ಎತ್ತುತ್ತಿದ್ದ. ತಮಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ ಎಂದು ಮಾಮಾ ಹೇಳಿಕೊಳ್ಳುತ್ತಿದ್ದರು.

ಇನ್ನು ನನ್ನ ವಿಷಯ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಹೊಗಳಿಕೆಯಾಗುತ್ತದೆ.

ನನ್ನ ಎರಡನೇ ವರ್ಷ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಘಟಕವನ್ನು ನೋಡಲು ದೊಡ್ಡವರು ಬರುವವರಿದ್ದರು. ಮಾಮಾ ತಂಗಿಯ ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದರು. ಹಿಂದಿನ ದಿನ ಮಧ್ಯಾಹ್ನ ಸಾಹೇಬರು ಬಂದು "ಉದ್ಯಾ ವಾಸ್ ಯೇತಾ ಕಾಮಾ ನಯೇ" ಎಂದರು. ನಾಳೆ ವಾಸನೆ ಬರಕೂಡದು, ಅಷ್ಟೇ ಹೇಳಿ ಹೋದರು. ಹೇಗೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳಿದರೆ ನನ್ನ ಎಂಎಸ್ಸಿಗೆ ಅವಮಾನವಲ್ಲವೇ!

ಟ್ಯಾಂಕಿಗೆ ಮರಳುವ ಕೆಸರಿಗೆ ತುಸು ಕ್ಲೋರಿನ್ ಸೇರಿಸಿದರೆ ನೊರೆಯೂ ವಾಸನೆಯೂ ಕಡಿಮೆಯಾಗುತ್ತದೆ ಎಂದು ನಾನು ಓದಿದ್ದೆ. ಓದಿದ್ದು ಸುಳ್ಳಲ್ಲ. ಆ ತುಸು ಎಷ್ಟು ಎನ್ನುವುದರಲ್ಲಿ ಎಲ್ಲವೂ ಇದೆ. ನಾನು ಲೆಕ್ಕ ಹಾಕಿದೆ, ಅವಸರದಲ್ಲಿ ಒಂದು ಸೊನ್ನೆ ಹೆಚ್ಚು ಹಾಕಿದೆ. ಬ್ಲೀಚಿಂಗ್ ಪೌಡರಿನ ಮೂಟೆಗಳನ್ನು ಕರಗಿಸಿ ಬಿಡಿಸಿದೆ. ನೆಂಟರು ಬರುತ್ತಾರೆಂದು ಪಾತ್ರೆಗಳನ್ನೆಲ್ಲ ತಿಕ್ಕುವ ಭರದಲ್ಲಿ ಹೆಪ್ಪಿನ ಕುಡಿಕೆಯನ್ನೂ ತಿಕ್ಕಿಟ್ಟ ಸೊಸೆಯ ಕೆಲಸ ಅದು.

ದೊಡ್ಡವರು ಬಂದರು. ವಾಸನೆ ಇರಲಿಲ್ಲ. ಯಾರೂ ಮೂಗು ಮುಚ್ಚಲಿಲ್ಲ. ಹೂಗುಚ್ಛ, ಫೋಟೋ, ಸಮೋಸಾ. ಸಾಹೇಬರು ನನ್ನತ್ತ ನೋಡಿ ತಲೆಯಾಡಿಸಿದರು. ಆ ದಿನ ನಾನು ಮನೆಗೆ ಬೀಗುತ್ತಾ ಹೋದೆ.

ಮರುದಿನ ಬೆಳಗ್ಗೆ ಟ್ಯಾಂಕಿನ ಮೇಲೆ ಸೋಪಿನಂಥ ಬಿಳಿ ನೊರೆ. ಅಳತೆ ಪಾತ್ರೆಯಲ್ಲಿ ಅರ್ಧ ಗಂಟೆ, ಒಂದು ಗಂಟೆ ಕಾದರೂ ಏನೂ ಕೂರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಆ ಗುಡಿ ಗಂಟೆಗಳೆಲ್ಲ ದಂಟು ಮುದುಡಿ ಸುಮ್ಮನಿದ್ದವು. ಊರಿನ ಕೊಳಚೆ ಮಾತ್ರ ಎಂದಿನಂತೆ ಬರುತ್ತಲೇ ಇತ್ತು, ಅದಕ್ಕೆ ರಜೆಯಿಲ್ಲ. ಬಂದದ್ದು ಬಂದ ಹಾಗೇ ಕಲಕಿಕೊಂಡು ನದಿಗೆ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಆ ಮೀನುಗಾರ ಮುದುಕ ಗೇಟಿಗೆ ಬಂದ. ಬಕೆಟ್ಟಿನಲ್ಲಿ ಸತ್ತ ಸಣ್ಣ ಮೀನುಗಳಿದ್ದವು, ಅದನ್ನು ಇಟ್ಟು ಹೋದ.

ಮಾಮಾ ಅದರ ಮರುದಿನ ಊರಿಂದ ನೇರವಾಗಿ ಬಂದರು, ಕೈಯಲ್ಲಿ ಇನ್ನೂ ಮದುವೆಯ ಬುಂದಿಯ ಗಂಟು. ನೊರೆಯನ್ನು ಬೆರಳಿಗೆ ತೆಗೆದು ತಿಕ್ಕಿ ಮೂಸಿದರು. ನದಿಯ ಹತ್ತಿರ ಹೋಗಿ ಚುರುಮುರಿ ಎರಚಿದರು. ನಾನು ದೂರದಿಂದ ನೋಡುತ್ತಿದ್ದೆ. ಚುರುಮುರಿ ಹಾಗೆಯೇ ತೇಲಿಕೊಂಡು ಹೋಯಿತು.

ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬ್ಲೀಚಿಂಗ್ ಹಾಕಿಸಿದ್ದು ಯಾರು ಎಂದು ಕೇಳಿದರು. ಕರಗಿಸಿದ ಇಬ್ಬರು ಕೆಲಸಗಾರರು ನೆಲ ನೋಡಿದರು. ಅಪ್ಪನಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿ ಹೋಟೆಲಿನ ಮ್ಯಾನೇಜರ್ ಕೆಲಸ ಬಿಟ್ಟಿದ್ದರು, ಮನೆ ನಡೆಯುತ್ತಿದ್ದುದು ನನ್ನಿಂದ. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ಹೇಳಬೇಕು ಎಂದು ನಾನು ಉಸಿರು ತೆಗೆದುಕೊಂಡೆ.

"ಮೀಚ್ ಸಾಂಗಿತಲಂ ಹೋತಂ, ಸಾಹೇಬ್" ಎಂದರು ಮಾಮಾ. ನಾನೇ ಹೇಳಿದ್ದೆ ಎಂದು ಅದರ ಅರ್ಥ. ಊರಿಗೆ ಹೋಗುವ ಮುಂಚೆ ವಾಸನೆ ಬಂದರೆ ಹಾಕಿ ಎಂದು ಹೇಳಿಹೋಗಿದ್ದೆ, ಅಳತೆ ತಪ್ಪು ಹೇಳಿದೆ ಎಂದೂ ಸೇರಿಸಿದರು.

ನಾನು ತೆಗೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟೆ.

ಅವರು ಅದೇ ದಿನ ಟ್ಯಾಂಕರ್ ಹತ್ತಿ ನವಿ ಮುಂಬೈ ಕಡೆಯ ಒಂದು ಘಟಕಕ್ಕೆ ಹೆಪ್ಪು ಕೇಳಲು ಹೋದರು. ಅಷ್ಟು ವರ್ಷ ಎಲ್ಲರಿಗೂ ಕೊಟ್ಟವರು ಕೇಳಲು ಹೋದದ್ದು ಅದೇ ಮೊದಲು. ಆ ಘಟಕದವರ ಎದುರು ಕೈಕಟ್ಟಿ ನಿಂತು ಕೇಳಿದರೆಂದು ಡ್ರೈವರ್ ನನಗೆ ಹೇಳಿದ. ಹೊತ್ತು ಮುಳುಗುವ ಮುಂಚೆ ನಮ್ಮ ಟ್ಯಾಂಕರನ್ನೂ, ಅವರಿಂದ ಎರವಲು ಪಡೆದ ಇನ್ನೊಂದನ್ನೂ ತುಂಬಿಸಿಕೊಳ್ಳಲು ಒದ್ದಾಡಿದರಂತೆ. ಆಮೇಲೆ ಹದಿನೈದು ದಿನ ಗೋಶಾಲೆಯಿಂದ ಸೆಗಣಿ, ಬಜಾರಿನಿಂದ ಬೆಲ್ಲ ತರಿಸಿ, ಗಾಳಿ ಹೆಚ್ಚಿಸಿ ತಗ್ಗಿಸಿ, ಟ್ಯಾಂಕನ್ನು ಬಾಣಂತಿಯ ಹಾಗೆ ನೋಡಿಕೊಂಡರು. ಆ ಹದಿನೈದು ದಿನ ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತು. ತಂಗಿ ಎನ್ನಲಿಲ್ಲ, ಮೇಡಮ್ಮಾರೇ ಎಂದೂ ಎನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹದಿನಾರನೇ ದಿನ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಅವರು ಬಂದು ಕಣ್ಣಿಟ್ಟರು. ಒಂದೇ ಒಂದು ಗುಡಿ ಗಂಟೆ ಬಾಯಿ ತೆರೆದು ಮುಚ್ಚುತ್ತಿತ್ತು. "ಎದ್ದಾರ" ಎಂದರು. ಅಂದು ಸಂಜೆ ಆ ಘಟಕಕ್ಕೆ ಅವರ ಟ್ಯಾಂಕರನ್ನು ಹಿಂದಿರುಗಿಸುವಾಗ ಡ್ರೈವರಿನ ಪಕ್ಕದ ಸೀಟಿನಲ್ಲಿ ಒಂದು ತೆಂಗಿನಕಾಯಿ, ಒಂದು ಬೆಲ್ಲದ ಉಂಡೆ ಇಟ್ಟು ಕಳಿಸಿದರು. ಹೆಪ್ಪು ತಂದ ಪಾತ್ರೆಯನ್ನು ಬರಿದಾಗಿ ಕೊಡಬಾರದು. ಮೂರನೇ ಕಾಯಿದೆ ಇದು.

ಮರುವಾರ ಅವರಿಗೆ ವರ್ಗದ ಆದೇಶ ಬಂತು, ವಿಠ್ಠಲವಾಡಿ ಕಡೆಯ ಒಂದು ಪಂಪ್ ಹೌಸಿಗೆ. ಆ ವರ್ಷ ಘಟಕದ ಉಸ್ತುವಾರಿ ಅವರಿಗೆ ಸಿಗುವುದಿತ್ತು. ಸಿಗಲಿಲ್ಲ. ನಾನು ಕಾಯಂ ಆದೆ.

ಪೇಡೆಯ ಡಬ್ಬ ಹಿಡಿದು ಒಮ್ಮೆ ಹೋಗಿದ್ದೆ. ನಿಜ ಹೇಳಿಬಿಡಲೆಂದೇ ಹೋದದ್ದು. ಕಲ್ಯಾಣದಲ್ಲಿ ಗಾಡಿ ಬದಲಿಸಿ ವಿಠ್ಠಲವಾಡಿಯಲ್ಲಿ ಇಳಿಯುವವರೆಗೂ ಬಾಯಲ್ಲಿ ವಾಕ್ಯ ಸಿದ್ಧವಿತ್ತು: "ಮಾಮಾ, ಅದು ನಾನು." ಅವರು ಪಂಪಿನ ಪಕ್ಕ ಸ್ಟೂಲ್ ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದರು. ಅಲ್ಲಿ ಟ್ಯಾಂಕಿಲ್ಲ, ನದಿಯಿಲ್ಲ, ಅಳತೆ ಪಾತ್ರೆ ಇಡಲು ಕಟ್ಟೆಯೂ ಇಲ್ಲ.

"ಇಲ್ಲಿ ಬರೇ ಮುಂದ ತಳ್ಳೂದು ತಂಗೀ" ಎಂದರು. "ಕಾಯೂದು ಇಲ್ಲ."

ಮತ್ತೆ ತಂಗಿ ಎಂದಿದ್ದರು. ಆ ಒಂದು ಶಬ್ದ ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಮಂದಿ ಹೇಗಿದ್ದಾರೆ ಎಂದು ಕೇಳಿದರು, ಚೆನ್ನಾಗಿದ್ದಾರೆ ಮಾಮಾ ಎಂದೆ. ಪೇಡೆ ತಿಂದರು. ಹಿಂದಿರುಗುವಾಗ ಡಬ್ಬದಲ್ಲಿ ಶೇಂಗಾ ತುಂಬಿ ಕೊಟ್ಟರು. ಅವರು ಹಂಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಲ್ಲಿಂದಲೇ ಅವರು ನಿವೃತ್ತರಾದರು. ಠಾಕುರ್ಲಿಯ ಬಾಡಿಗೆ ಮನೆ ಬಿಟ್ಟು ಘಣಸೋಲಿಯಲ್ಲಿ ಮಗನ ಫ್ಲ್ಯಾಟಿಗೆ ಹೋದರು. ದೀಪಾವಳಿಗೊಮ್ಮೆ ಫೋನು. ಅವರ ಕೊನೆಯ ಪ್ರಶ್ನೆ ಎಂದೂ ಅದೇ, ನನ್ನ ಉತ್ತರವೂ ಅದೇ. ಈ ನಡುವೆ ಘಟಕದ ಉಸ್ತುವಾರಿ ನನಗೆ ಬಂತು. ಅವರು ಕೂರಬೇಕಿದ್ದ ಕುರ್ಚಿ ಅದು. ಅದರ ಮೇಲೆ ಕೂತಾಗೆಲ್ಲ ಬಾಲ್ಯದಲ್ಲಿ ಕದ್ದು ತಿಂದ ಪ್ರಸಾದದ ನೆನಪಾಗುತ್ತದೆ. ಹೀಗೆ ಹನ್ನೊಂದು ವರ್ಷವಾಯಿತು.

ಕಳೆದ ತಿಂಗಳು ಒಂದು ದಿನ, ನಾನು ಹೊರಡಲು ಬ್ಯಾಗು ಎತ್ತಿಕೊಳ್ಳುವ ಹೊತ್ತಿಗೆ, ಗೇಟಿನಿಂದ ಫೋನು ಬಂತು. ಹೋಗಿ ನೋಡಿದರೆ ಮಾಮಾ! ಕೂದಲು ಪೂರ್ತಿ ಬಿಳಿ, ಆದರೆ ಅದೇ ಎಣ್ಣೆ, ಅದೇ ಬಾಚಣಿಕೆ. ಎರಡೂ ಕೈಯಲ್ಲಿ ಎರಡು ನೀಲಿ ಕ್ಯಾನು.

"ಹೆಪ್ಪು ಕೇಳಾಕ ಬಂದೀನಿ" ಎಂದರು.

ಅವರಿದ್ದ ಅಪಾರ್ಟ್‌ಮೆಂಟಿನ ಸೊಸೈಟಿಗೆ ಸ್ವಂತದ ಸಣ್ಣ ಘಟಕವಿತ್ತು. ಕಟ್ಟಡದ ಕೊಳಚೆ ತೊಳೆದು ಗಿಡಗಳಿಗೆ ಬಿಡುವುದು, ಮಿಕ್ಕದ್ದು ಚರಂಡಿಗೆ. ಬ್ಲೋವರ್ ಕೆಟ್ಟು ತಿಂಗಳುಗಟ್ಟಲೆ ನಿಂತು ಟ್ಯಾಂಕು ಸತ್ತಿತ್ತು. ಯಾರಿಗೂ ಬೇಡವಾಗಿದ್ದ ಅದನ್ನು ಮಾಮಾ ಮೈಮೇಲೆ ಹಾಕಿಕೊಂಡಿದ್ದರು. ಬ್ಲೋವರ್ ರಿಪೇರಿಯಾಗಿತ್ತು, ಸೆಗಣಿ ಬೆಲ್ಲ ಬಿದ್ದಿತ್ತು, ಹೆಪ್ಪೊಂದು ಬೇಕಿತ್ತು.

"ಅಷ್ಟು ದೂರದಿಂದ ಯಾಕೆ ಬಂದದ್ದು ಮಾಮಾ? ಅಲ್ಲೇ ಹತ್ತಿರ ಸಿಗ್ತಿತ್ತಲ್ಲ?" ಎಂದೆ.

"ಸಿಗತಿತ್ತು" ಎಂದರು. "ನನಗ ನಮ್ಮ ಮಂದೀನ ಬೇಕು."

ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿದರು. ನೊರೆ ನೋಡಿದರು, ತಲೆಯಾಡಿಸಿದರು. ಇವತ್ತು ಹೇಳಬೇಕು ಎನಿಸಿತು. ಆದರೆ ಹೀಗೆ ಹಠಾತ್ತನೆ, ಕ್ಯಾನು ತುಂಬಿಸುತ್ತಾ, ಟ್ರೇನಿನ ಅವಸರದಲ್ಲಿ ಹೇಗೆ ಹೇಳಲಿ? ಒಂದು ರಾತ್ರಿ ಸಿಕ್ಕರೆ ಸಾಕು, ಧೈರ್ಯ ಕೂಡಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಕಟ್ಟೆಯ ಮೇಲಿನ ದೀಪಗಳು ಹೊತ್ತಿಕೊಂಡವು.

"ದೀಪ ಹಚ್ಚಿ ಆಯ್ತಲ್ಲ ಮಾಮಾ" ಎಂದೆ. "ಇನ್ನು ಹೆಪ್ಪು ಕೊಡುದಿಲ್ಲ. ನಾಳೆ ಬೆಳಗ್ಗೆ ಬನ್ನಿ."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ಕುಲುಕುವಂಥ ನಗು. ಅವರನ್ನು ಅಷ್ಟು ಖುಷಿಯಾಗಿ ನಾನು ಕಂಡಿರಲಿಲ್ಲ. "ಕಲ್ತೀ ನೋಡು! ಹಂಗಾರ ನಾಳೆ ಬರ್ತೀನಿ. ಕ್ಯಾನ್ ಇಲ್ಲೇ ಇರ್ಲಿ" ಎಂದು, ಬರಿಗೈಯಲ್ಲಿ ಗೇಟು ದಾಟಿ ಹೋದರು.

ಮರುದಿನ ಬೆಳಗ್ಗೆ ನಾನು ಮೊದಲ ಗಾಡಿಗೇ ಬಂದೆ. ಅಳತೆ ಪಾತ್ರೆ ತುಂಬಿ ಕಟ್ಟೆಯ ಮೇಲಿಟ್ಟು ಎರಡು ಚಹಾ ತರಿಸಿದೆ. ವಾಕ್ಯ ಬಾಯಲ್ಲಿತ್ತು. ಕೆಸರು ಕೂತಿತು, ಚಹಾ ಆರಿತು, ಹನ್ನೊಂದು ಗಂಟೆಯಾಯಿತು. ಅವರ ಫೋನು ಮಗ ಎತ್ತಿದ. "ಪಪ್ಪಾ ಗಯೇ, ದೀದಿ" ಎಂದ. ಬೆಳಗ್ಗೆ ಹೊರಡಲೆಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಕುಸಿದವರು ಮತ್ತೆ ಏಳಲಿಲ್ಲವಂತೆ.

ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಹೆಪ್ಪು ಇಲ್ಲ ಅನಬಾರದು ಎನ್ನುವುದು ಅವರ ಮೊದಲ ಕಾಯಿದೆ. ನಾನು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಮುರಿದಿದ್ದೆ, ಅದೂ ನನ್ನ ಅನುಕೂಲಕ್ಕೆ. ಒಂದು ಸಲ, ಒಂದೇ ಒಂದು ಸಲ ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬಾರದೇ ಎನಿಸುತ್ತದೆ.

ಕ್ಯಾನುಗಳು ಲ್ಯಾಬಿನ ಮೂಲೆಯಲ್ಲಿದ್ದವು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಅವರ ಕರ್ಮಾಂತರವೆಲ್ಲ ಮುಗಿದ ಮೇಲೆ, ಒಂದು ಭಾನುವಾರ ಬೆಳಗ್ಗೆ ಎರಡರಲ್ಲೂ ಅರ್ಧರ್ಧ ಹೆಪ್ಪು ತುಂಬಿಸಿಕೊಂಡು ಹೊರಟೆ. ಮುಚ್ಚಳ ಬಿಗಿ ಮಾಡಿದರೆ ಗಾಳಿಯಿಲ್ಲದೆ ಸಾಯುತ್ತವೆ, ಸಡಿಲ ಮಾಡಿದರೆ ಚೆಲ್ಲುತ್ತದೆ. ಟ್ರೇನಿನ ಲಗೇಜ್ ಬೋಗಿಯಲ್ಲಿ ಎರಡು ಕ್ಯಾನುಗಳ ನಡುವೆ ಕೂತು, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಅಲುಗಾಡಿಸುತ್ತಿದ್ದೆ. ಒಳ್ಳೆಯ ಹೆಪ್ಪಿಗೆ ದುರ್ವಾಸನೆ ಇರುವುದಿಲ್ಲ, ಒದ್ದೆ ಮಣ್ಣಿನ ವಾಸನೆ. ಮೇಥಿ ಸೊಪ್ಪಿನ ಮೂಟೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ "ಕಾಯ್ ಗ ಹೇ?" ಏನೇ ಇದು ಎಂದು ಕೇಳಿದಳು.

"ವಿರಜಣ" ಎಂದೆ. ಹೆಪ್ಪಿಗೆ ಮರಾಠಿ ಮಾತು. ಅವಳು ಎರಡು ಕ್ಯಾನುಗಳನ್ನೂ ನೋಡಿ, ಎಷ್ಟು ದೊಡ್ಡ ಕುಟುಂಬವಪ್ಪಾ ಎಂಬಂತೆ ಹುಬ್ಬೇರಿಸಿದಳು.

ಠಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಯಲ್ಲಿ ಇಳಿದೆ. ಅವರ ಹೆಂಡತಿಯನ್ನು ನಾನು ಠಾಕುರ್ಲಿಯಲ್ಲಿ ಎರಡು ಮೂರು ಸಲ ಕಂಡಿದ್ದೆ, ಅತ್ತೆ ಎನ್ನುತ್ತಿದ್ದೆ. ಬಾಗಿಲು ತೆರೆದವರು ನನ್ನ ಮುಖಕ್ಕಿಂತ ಮೊದಲು ಕ್ಯಾನುಗಳನ್ನು ನೋಡಿದರು. ಅಳಲಿಲ್ಲ. "ನಡೀರಿ, ಕೆಳಗ ಹೋಗೂಣು" ಎಂದರು. ಅವರು ಹೋದ ಮೇಲೂ ಈಕೆ ದಿನಾ ಬೆಳಗ್ಗೆ ಇಳಿದು, ಬ್ಲೋವರ್ ಹಚ್ಚಿಸಿ, ಬೆಲ್ಲದ ನೀರು ಹಾಕುತ್ತಿದ್ದರಂತೆ. ಹೆಪ್ಪು ಬರುವ ತನಕ ನಿಲ್ಲಿಸಬ್ಯಾಡ ಎಂದು ಅವರು ಹೇಳಿಟ್ಟಿದ್ದರಂತೆ.

ಎರಡೂ ಕ್ಯಾನು ಟ್ಯಾಂಕಿಗೆ ಸುರಿದೆ. ಕಂದು ಬಣ್ಣ ಬಿಳಿ ಗುಳ್ಳೆಗಳ ನಡುವೆ ಹರಡಿ ಹೋಯಿತು. ಅತ್ತೆ ನನ್ನ ಪಕ್ಕದಲ್ಲಿ ನಿಂತರು.

"ಅವತ್ತ ಬರಿಗೈಲೆ ಬಂದ್ರವಾ" ಎಂದರು. "ಯಾಕ್ರೀ, ಹೆಪ್ಪು ಕೊಡಲಿಲ್ಲೇನು ಅಂದೆ. ನಕ್ಕೋತ ಅಂದ್ರು, ಹೆಪ್ಪಿಂದಲ್ಲ ಅದು, ಆಕಿಗೆ ನನಗ ಏನೋ ಹೇಳೂದೈತಿ, ಒಂದು ರಾತ್ರಿ ಬೇಕಾಗೈತಿ, ನಾಳೆ ಹೇಳ್ತಾಳ ಅಂತ. ರಾತ್ರಿಯೆಲ್ಲಾ ಅದ ಖುಷಿಯೊಳಗ ಇದ್ರು." ನನ್ನ ಕಡೆ ತಿರುಗಿ ಕೇಳಿದರು, "ಏನ್ ಹೇಳೂದಿತ್ತು ತಂಗೀ?"

ಹನ್ನೊಂದು ವರ್ಷದ ವಾಕ್ಯ. "ಅವತ್ತು ಟ್ಯಾಂಕು ಕೊಂದದ್ದು ನಾನು, ಅತ್ತೆ" ಎಂದೆ.

ಬ್ಲೋವರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. "ಏನ?" ಎಂದು ಕಿವಿ ಹತ್ತಿರ ತಂದರು. ನಾನು ಕೂಗಿ ಹೇಳಬೇಕಾಯಿತು. ಆ ಕಡೆ ಕುರ್ಚಿಯಲ್ಲಿದ್ದ ವಾಚ್‌ಮನ್ ತಿರುಗಿ ನೋಡಿದ.

ಅತ್ತೆ ನನ್ನ ಕೈಯಿಂದ ಖಾಲಿ ಕ್ಯಾನು ತೆಗೆದುಕೊಂಡರು. "ಅದು ಅವರಿಗೆ ಗೊತ್ತಿತ್ತಲ್ಲವಾ" ಎಂದರು.

"ಗೊತ್ತಿತ್ತು ಅತ್ತೆ" ಎಂದೆ. "ನಾನು ಹೇಳಿರಲಿಲ್ಲ."